ಕೈಯ ಭಾಷೆಯನ್ನರಿತ ಜಾನ್ ವಾರನ್

ಮನುಷ್ಯನನ್ನು ಮಾತನಾಡುವ ಪ್ರಾಣಿಯೆಂದು ಕರೆಯುವುದು ವಾಡಿಕೆ. ಆದರೆ ಬಾಯಿಂದ ಆಡುವಷ್ಟನ್ನೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿಯೇ, ಅವನು ಕಣ್ಣು, ಹುಬ್ಬು, ಕೈ, ನಿಲುವು, ನಡಿಗೆಗಳಿಂದಲೂ ಆಡುತ್ತಾನೆ. ಊಟದ ಪಂಕ್ತಿಯಲ್ಲಿ ಬೇಡವೆನ್ನುವುದಕ್ಕೆ ಎಲೆಯ ಮೇಲೆ ಅಡ್ಡ ಹಿಡಿದ ಕೈ ಸಾಕು. ತಾಯಿಯ ಮನಸ್ಸು ನೊಂದಿದೆಯೆಂಬುದು ಅಡಿಗೆಮನೆಯಲ್ಲಿ ಪಾತ್ರೆ ಇಡುವ ಸದ್ದಿನಿಂದಲೇ ಮಕ್ಕಳಿಗೆ ತಿಳಿದುಹೋಗುತ್ತದೆ. ಕಚೇರಿಗೆ ಬಂದ ರೈತನು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕಂಕುಳಲ್ಲಿ ಇರುಕಿಕೊಂಡು ನಿಂತರೆ, ಅವನು ಬಾಯಿ ತೆರೆಯುವ ಮೊದಲೇ ಅವನ ಮರ್ಯಾದೆಯೂ ಅಂಜಿಕೆಯೂ ಒಟ್ಟಿಗೇ ಹೊರಬಿದ್ದಿರುತ್ತವೆ. ಇವೆಲ್ಲವೂ ಭಾಷೆಯೇ. ಭರತಮುನಿಯ ನಾಟ್ಯಶಾಸ್ತ್ರವು ಇದನ್ನು ಆಂಗಿಕಾಭಿನಯವೆಂಬ ಹೆಸರಿನಿಂದ ರಂಗಭೂಮಿಗಾಗಿ ವಿಂಗಡಿಸಿತು. 1872ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಮನುಷ್ಯರೂ ಪ್ರಾಣಿಗಳೂ ಭಾವಗಳನ್ನು ತೋರುವ ಬಗೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಆದರೆ ದಿನನಿತ್ಯದ ಬಾಳಿನಲ್ಲಿ ಈ ಭಾಷೆಯನ್ನು ಓದುವ ವಿದ್ಯೆ ಪುಸ್ತಕದಿಂದ ಬರುವಂಥದಲ್ಲ. ಕುಳಿತು, ತಾಳ್ಮೆಯಿಂದ, ಎದುರಿಗಿರುವವರನ್ನು ನೋಡಬಲ್ಲವನಿಗೆ ಮಾತ್ರ ಬರುವಂಥದು.

ಈ ವಿದ್ಯೆಗೂ ನಮ್ಮ ಚಿನ್ನದ ಗಣಿಯ ಸೀಮೆಗೂ ಹಳೆಯ ನಂಟಿದೆ. ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಕೊಳ್ಳುವವರ ಭಾಷೆ ಒಂದು, ಮಾರುವವರ ಭಾಷೆ ಇನ್ನೊಂದು ಆದರೂ ಬೆರಳುಗಳು ಬೆಲೆಯನ್ನು ತೀರ್ಮಾನಿಸಿಬಿಡುತ್ತವೆ. ಇಷ್ಟು ಜನರನ್ನು ಇಲ್ಲಿಗೆ ಕರೆತಂದುದು ಚಿನ್ನ. ಆ ಚಿನ್ನದ ಸುದ್ದಿಯನ್ನು ಹೊಸ ಕಾಲದ ಜಗತ್ತಿಗೆ ಬರವಣಿಗೆಯಲ್ಲಿ ಮೊದಲು ತಲುಪಿಸಿದವನು ಲೆಫ್ಟಿನೆಂಟ್ ಜಾನ್ ವಾರನ್. ಗಣಿಗಳ ಚರಿತ್ರೆಯನ್ನು ಬರೆದವರೆಲ್ಲರೂ ಅವನ ಹೆಸರನ್ನು ಒಂದೆರಡು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾರೆ. ಆದರೆ ಅವನ ಇಡೀ ಜೀವನವನ್ನು ನೋಡಿದಾಗ ಒಂದು ವಿಶೇಷವು ಎದ್ದು ಕಾಣುತ್ತದೆ. ಓದುಬರಹವಿಲ್ಲದವರು ತಮ್ಮ ಕೈಗಳಿಂದ ತೋರಿಸಿದ ವಿದ್ಯೆಯನ್ನು ಈತನು ಎರಡು ಸಲ, ಎರಡು ಊರುಗಳಲ್ಲಿ, ಶ್ರದ್ಧೆಯಿಂದ ನೋಡಿ ಬರೆದಿಟ್ಟನು. ಆ ಎರಡು ಪ್ರಸಂಗಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಇನ್ನೊಂದು ಮುಖ್ಯವಾದ ವ್ಯತ್ಯಾಸವೂ ಇದೆ. ಅದನ್ನು ಮುಂದೆ ಹೇಳುವೆನು.

ಜಾನ್ ವಾರನ್ ಎಂಬುದು ಅವನ ಇಂಗ್ಲಿಷ್ ಹೆಸರು. ಹುಟ್ಟುಹೆಸರು ಜಾನ್ ಬಾಪ್ಟಿಸ್ಟ್ ಫ್ರಾನ್ಸ್ವಾ ಜೋಸೆಫ್ ದ ವಾರನ್. 1769ರಲ್ಲಿ ಇಟಲಿಯ ಲಿವೋರ್ನೋ ಎಂಬ ರೇವು ಪಟ್ಟಣದಲ್ಲಿ ಹುಟ್ಟಿದನು. ಮನೆತನದ ಮೂಲ ಐರ್ಲೆಂಡು; ನೆಲೆಸಿದ ದೇಶ ಫ್ರಾನ್ಸ್. ಫ್ರಾನ್ಸಿನಲ್ಲಿ 1789ರಲ್ಲಿ ಮಹಾಕ್ರಾಂತಿ ಎದ್ದು ಹಳೆಯ ಸರದಾರ ಮನೆತನಗಳೆಲ್ಲ ದಿಕ್ಕಾಪಾಲಾದವು. ಅಂಥ ಮನೆತನದ ಈ ತರುಣನೂ ಭಾರತಕ್ಕೆ ಬಂದು, ಕೊನೆಗೆ ಆಂಗ್ಲರ 33ನೆಯ ಕಾಲ್ದಳವನ್ನು ಸೇರಿದನು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ದಳವಿದು. ಮುಂದೆ ವೆಲಿಂಗ್ಟನ್ನಿನ ಡ್ಯೂಕನಾದ ಆರ್ಥರ್ ವೆಲ್ಲೆಸ್ಲಿಯು ಇದರ ನಾಯಕನಾಗಿದ್ದನು. ಹುಟ್ಟಿದ್ದು ಒಂದು ದೇಶ, ವಂಶ ಇನ್ನೊಂದು, ನಿಷ್ಠೆ ಮತ್ತೊಂದು, ಅನ್ನ ಮಗುದೊಂದು. ಪರಭಾಷೆಯವರ ನಡುವೆಯೇ ಬದುಕಬೇಕಾದವನಿಗೆ ಎದುರಿನವರ ಮುಖವನ್ನು ಓದುವ ಅಭ್ಯಾಸ ತಾನಾಗಿ ಬಂದಿರಬೇಕೆಂದು ನಾವು ಊಹಿಸಬಹುದು.

ಯುದ್ಧವು ಮುಗಿದ ಮೇಲೆ ಮೈಸೂರು ರಾಜ್ಯದ ಎಲ್ಲೆಗಳು ಬದಲಾದವು. ಹೊಸ ಎಲ್ಲೆಯನ್ನು ಅಳೆದು ಗುರುತು ಮಾಡಬೇಕಾಯಿತು. ವಾರನ್ನನಿಗೆ ಸರ್ವೆಯ ಕೆಲಸ ದೊರೆಯಿತು. ಸರ್ವೆಯ ಕೆಲಸವೂ ಒಂದು ಬಗೆಯಲ್ಲಿ ಮೂಕಭಾಷೆಯೇ ಸರಿ. ಒಂದು ಬೆಟ್ಟದ ತಲೆಯಲ್ಲಿ ನಿಂತವನ ಕೂಗು ಇನ್ನೊಂದು ಬೆಟ್ಟದವನಿಗೆ ಕೇಳಿಸದು. ಬಾವುಟವೇ ಮಾತು, ದೂರದರ್ಶಕವೇ ಕಿವಿ. ಬಾವುಟವು ಒಂದಿಷ್ಟು ಓರೆಯಾದರೂ ಲೆಕ್ಕ ತಪ್ಪುತ್ತದೆ. ಈ ಕೆಲಸದಲ್ಲಿ ವಾರನ್ನನು ಎಷ್ಟು ಕಟ್ಟುನಿಟ್ಟಾದವನೆಂಬುದಕ್ಕೆ ಒಂದು ನಿದರ್ಶನ ಸಾಕು. ಭಾರತವನ್ನೆಲ್ಲ ತ್ರಿಕೋನಗಳಿಂದ ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ಕೆಲಸವನ್ನಾರಂಭಿಸಿದನು. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗಿಂತ ಹೆಚ್ಚು ಉದ್ದದ ರೇಖೆಯನ್ನು ನೆಲದ ಮೇಲೆ ಅಳೆದವನು ವಾರನ್. ಮದರಾಸಿನ ಕಡೆಯಿಂದ ಲೆಕ್ಕ ಹಾಕಿ ಬಂದ ಉದ್ದಕ್ಕೂ ಇವನು ನೆಲದ ಮೇಲೆ ಅಳೆದ ಉದ್ದಕ್ಕೂ ನಡುವೆ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಮೆ!

ಇದಕ್ಕೆ ಮೊದಲು, 1802ರಲ್ಲಿ, ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯುತ್ತ ಅವನು ಯರ್ರಕೊಂಡ ಬೆಟ್ಟದ ಕಡೆಗೆ ಬಂದನು. ಹೈದರಾಲಿಯ ಜನ್ಮಸ್ಥಳವಾದ ಬೂದಿಕೋಟೆ ಇಲ್ಲಿಗೆ ದೂರವಲ್ಲ. ಆ ಸುತ್ತಿನ ಮಣ್ಣಿನಲ್ಲಿ ಚಿನ್ನ ಸಿಕ್ಕುತ್ತದೆಂಬ ಅಸ್ಪಷ್ಟವಾದ ಸುದ್ದಿಯೊಂದು ಅವನ ಕಿವಿಗೆ ಬಿದ್ದಿತು. ಎಲ್ಲಿ, ಯಾರು, ಹೇಗೆ ಎಂಬುದು ಸ್ಪಷ್ಟವಿರಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಯುದ್ಧವು ಮುಗಿದು ಮೂರು ವರ್ಷಗಳಾಗಿದ್ದವು, ಅಷ್ಟೆ. ಕೆಂಪು ಅಂಗಿಯ ಅಧಿಕಾರಿಯೊಬ್ಬನು ಅಳತೆಯ ಸರಪಣಿಯನ್ನು ಹಿಡಿದು ಬಂದು ನೆಲದೊಳಗಿನ ಚಿನ್ನವನ್ನು ವಿಚಾರಿಸಿದರೆ, ಮುಂದೆ ಬರುವ ಕಂದಾಯವನ್ನೂ ಕಸಿದುಕೊಳ್ಳುವ ಕೈಯನ್ನೂ ನೆನೆಯದ ರೈತನಾರು? ಹಳ್ಳಿಯವರ ಮೌನಕ್ಕೆ ದಡ್ಡತನವೇ ಕಾರಣವೆಂದು ತಿಳಿಯುವವನು ಅವರ ಭಾಷೆಯ ಮೊದಲ ಅಕ್ಷರವನ್ನೇ ತಪ್ಪಾಗಿ ಓದಿದವನು. ಮೌನಕ್ಕೂ ಅರ್ಥವಿದೆ; ಒಮ್ಮೊಮ್ಮೆ ಅದು ಬಡವನ ಏಕೈಕ ಬೀಗ. ವಾರನ್ನನು ಗದರಿಸಲಿಲ್ಲ. ತೋರಿಸಿದವರಿಗೆ ಬಹುಮಾನ ಕೊಡುವೆನೆಂದು ಸಾರಿಸಿ ಕಾದನು. ಕೆಲವು ದಿನಗಳಲ್ಲಿ ಉರಿಗಾಂ ಗ್ರಾಮದ ಒಬ್ಬ ರೈತನು, ತನ್ನ ಊರಿನ ಬಳಿಯೇ ಸ್ಥಳವನ್ನು ತೋರಿಸುವುದಾಗಿ ಮುಂದೆ ಬಂದನು.

ಉರಿಗಾಮಿನಲ್ಲಿ ವಾರನ್ನನು ಕಂಡುದು ಮಾತಿನ ವಿವರಣೆಯನ್ನಲ್ಲ, ಕೆಲಸವನ್ನು. ಮಣ್ಣನ್ನು ತೊಳೆದು ಚಿನ್ನ ತೆಗೆಯುವುದು ಅಲ್ಲಿ ಹೆಂಗಸರ ಕೆಲಸ. ಊರಿನ ಹೆಂಗಸರು ಕೂಡಿ ಬಂದರು. ಒಬ್ಬೊಬ್ಬಳ ಕೈಯಲ್ಲೂ ಒಂದು ಪೊರಕೆ, ಒಂದು ಮೊರ, ನಡುವೆ ಕುಳಿ ತೋಡಿದ ಒಂದು ಮರದ ಮರಿಗೆ. ಸಡಿಲವಾದ ಮಣ್ಣನ್ನು ಗುಡಿಸಿ ಮೊರಕ್ಕೆ ತುಂಬಿಕೊಂಡರು. ಅಲ್ಲಿಂದ ಕೆರೆಗೆ ಹೋಗಿ, ಮರಿಗೆಯ ಮೇಲೆ ನೀರು ಹರಿಯುವಷ್ಟು ಮಾತ್ರ ಅದನ್ನು ಮುಳುಗಿಸಿ ಹಿಡಿದು, ಮಣ್ಣನ್ನು ನಡುವೆ ಇಟ್ಟು ಕೈಯಿಂದ ಕಲಕಿದರು. ಹಗುರವಾದ ಮಣ್ಣು ನೀರಿನೊಡನೆ ಹೋಯಿತು. ಭಾರವಾದ ಕಣಗಳು ಕುಳಿಗೆ ಇಳಿದವು. ಕೊನೆಗೆ ಉಳಿದುದು ಕಪ್ಪು ಬಣ್ಣದ ಪುಡಿ. ಅದರಲ್ಲಿ ಚಿನ್ನವಿದೆಯೋ ಇಲ್ಲವೋ ಎಂಬುದು ಆಗಲೂ ತಿಳಿಯದು. ಮರಿಗೆಯನ್ನು ಓರೆ ಮಾಡಿ, ಅಂಗೈಯಿಂದ ಮೆಲ್ಲಮೆಲ್ಲನೆ ನೀರನ್ನೆರಚಿದಾಗ ಕಪ್ಪು ಪುಡಿಯು ಜಾರಿ, ಚಿನ್ನದ ಕಣಗಳು ಹಿಂದೆ ಅಂಟಿಕೊಂಡು ಉಳಿದವು.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಮರಿಗೆಯನ್ನು ಎಷ್ಟು ಮುಳುಗಿಸಬೇಕು, ಎಷ್ಟು ಓರೆ ಮಾಡಬೇಕು, ಅಂಗೈಯ ನೀರು ಎಷ್ಟು ಮೆಲ್ಲಗೆ ಬೀಳಬೇಕು ಎಂಬುದನ್ನು ಆ ಹೆಂಗಸರನ್ನು ಬಾಯಿಬಿಟ್ಟು ಹೇಳೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ರೊಟ್ಟಿಯ ಹಿಟ್ಟಿಗೆ ನೀರೆಷ್ಟೆಂದು ಅಜ್ಜಿಯನ್ನು ಕೇಳಿದರೆ ಅವಳು ಕೈಯನ್ನು ತೋರಿಸುವಳೇ ಹೊರತು ಅಳತೆಯನ್ನು ಹೇಳಳು. ವಿದ್ಯೆಯು ಮಣಿಕಟ್ಟಿನಲ್ಲಿತ್ತು. ಅದನ್ನು ಮಣಿಕಟ್ಟಿನಿಂದಲೇ ಓದಬೇಕಾಗಿತ್ತು. ಸೈನ್ಯದ ಅಧಿಕಾರಿಯಾದ ವಾರನ್ನನು ಕೆರೆಯ ದಡದಲ್ಲಿ ನಿಂತು ಒಂದೊಂದು ಚಲನೆಯನ್ನೂ ಕ್ರಮವಾಗಿ ಬರೆದುಕೊಂಡ ಕಾರಣದಿಂದಲೇ ಇಂದು ನಮಗೆ ಅದು ತಿಳಿದಿದೆ.

ಅಲ್ಲಿಂದ ಅವನು ಮಾರಿಕುಪ್ಪಮಿಗೆ ಹೋದನು. ಅಲ್ಲಿ ನೆಲದೊಳಗೇ ಇಳಿದು ಕಲ್ಲು ತೆಗೆಯುವ ಗಣಿಗಳಿದ್ದವು. ದುಡಿಯುತ್ತಿದ್ದವರು, ಆ ಕಾಲದ ಸಮಾಜವು ಊರಿನಾಚೆಗೆ ಇಟ್ಟಿದ್ದ ಜನ. ವಾರನ್ನನು ಇವನ್ನು ಮೇಲಿನಿಂದ ನೋಡಿ ಹಿಂದಿರುಗಲಿಲ್ಲ, ಒಳಗೆ ಇಳಿದನು. ಒಂದು ಗಣಿ ಸುಮಾರು 30 ಅಡಿ ಆಳ, ಇನ್ನೊಂದು 45 ಅಡಿ. ಒಡೆದ ಕಲ್ಲನ್ನು ಬುಟ್ಟಿಗಳಲ್ಲಿ ತುಂಬಿ, ಅಲ್ಲಲ್ಲಿ ನಿಂತ ಆಳುಗಳು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಮುಟ್ಟಿಸುತ್ತಿದ್ದರು. ಮೇಲೆ ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ ತೊಳೆಯುತ್ತಿದ್ದರು. ಇಕ್ಕಟ್ಟಾದ ಕತ್ತಲೆಯ ದಾರಿಯಲ್ಲಿ ಬುಟ್ಟಿಯನ್ನು ಕೈಯಿಂದ ಕೈಗೆ ಕೊಡುವವರ ನಡುವೆ ಎಂಥ ಅರಿವಿರಬೇಕೆಂಬುದನ್ನು ಯೋಚಿಸಿ. ತೆಗೆದುಕೊಳ್ಳುವವನ ಹಿಡಿತವು ಬಿಗಿಯಾಯಿತೆಂದು ಕೊಡುವವನ ಬೆರಳಿಗೆ ತಿಳಿದ ಮೇಲೆಯೇ ಅವನು ಬಿಡಬೇಕು. ಬೆರಳು ತಪ್ಪಾಗಿ ತಿಳಿದರೆ ಕೆಳಗಿರುವವನ ತಲೆಯ ಮೇಲೆ ಕಲ್ಲು.

ವಾರನ್ನನು ನೋಡಿದ್ದಕ್ಕೇ ತೃಪ್ತನಾಗಲಿಲ್ಲ. ತೂಕ ಮಾಡಿಸಿದನು. ಸುಮಾರು 56 ಕಿಲೋಗ್ರಾಂ ಮಣ್ಣಿಗೆ ಒಂದು ಗ್ರೇನ್ ಚಿನ್ನ, ಅಂದರೆ ಅರ್ಧ ಗುಲಗಂಜಿಯಷ್ಟು ತೂಕ, ದೊರೆಯುವುದೆಂದು ಲೆಕ್ಕ ಹಾಕಿದನು. ಟೀಪೂ ಸುಲ್ತಾನನ ಕಾಲದಲ್ಲಿಯೂ ಒಮ್ಮೆ ಪರೀಕ್ಷೆ ನಡೆದು, ಬಂದ ಚಿನ್ನವು ಮಾಡಿದ ಖರ್ಚಿಗೆ ಸರಿಯಾದುದರಿಂದ ಕೆಲಸವನ್ನು ಕೈಬಿಟ್ಟರೆಂಬ ಸಂಗತಿಯೂ ಅವನಿಗೆ ತಿಳಿದುಬಂದಿತು. ಆದರೂ ಹಳ್ಳಿಯವರ ಸಾಧನಗಳಿಂದಲೇ ಇಷ್ಟು ದೊರೆಯುವುದಾದರೆ, ಕಸಬು ಬಲ್ಲವರ ಕೈಯಲ್ಲಿ ಇನ್ನೂ ಹೆಚ್ಚು ದೊರೆಯಬಹುದೆಂದು ಅವನು ಭಾವಿಸಿದನು. ಅವನ ಬರಹವು ಬಹುಕಾಲ ಕಾಗದಗಳ ನಡುವೆ ಮಲಗಿತು. ಅದನ್ನು ಓದಿದ ಮೈಕೇಲ್ ಲಾವೆಲ್ ಎಂಬ ಐರಿಷ್ ಸೈನಿಕನು 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಬಂಡಿಯಲ್ಲಿ ಕೋಲಾರದ ಸೀಮೆಗೆ ಬಂದನು. 1875ರಲ್ಲಿ ಪರವಾನಗಿ ಪಡೆದನು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿರಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿದುಬಂದಿತು. ಮೂವತ್ತಡಿಯ ಗುಂಡಿಗಳಿದ್ದ ಸೀಮೆಯಲ್ಲಿ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವು. 2001ರ ಫೆಬ್ರವರಿ 28ರಂದು ಮುಚ್ಚುವ ತನಕ ಸುಮಾರು 800 ಟನ್ ಚಿನ್ನ ಹೊರಬಂದಿತು.

ಚಿನ್ನದ ಕಥೆಯನ್ನು ಬಿಟ್ಟು ವಾರನ್ನನ ಕಥೆಗೆ ಹಿಂದಿರುಗೋಣ. 1805ರಲ್ಲಿ ಅವನು ಮದರಾಸಿನ ಖಗೋಳ ವೀಕ್ಷಣಾಲಯದ ಹೊಣೆಯನ್ನು ಹೊತ್ತು 1811ರ ತನಕ ನಡೆಸಿದನು. 1807ರ ದೊಡ್ಡ ಧೂಮಕೇತುವನ್ನು ಅಲ್ಲಿಂದ ವೀಕ್ಷಿಸಿದನು. 1809ರಲ್ಲಿ ಲೋಲಕದ ಪ್ರಯೋಗಗಳನ್ನು ಮಾಡಿದನು. ನೆಪೋಲಿಯನ್ನನು ಬಿದ್ದು ಫ್ರಾನ್ಸಿಗೆ ಹಳೆಯ ರಾಜವಂಶವು ಮರಳಿದ ಮೇಲೆ, ಆಂಗ್ಲರ ಸೇವೆಯನ್ನು ಬಿಟ್ಟು ಸ್ವದೇಶಕ್ಕೆ ಹೋಗಿ, ಮತ್ತೆ ಭಾರತಕ್ಕೆ ಬಂದು ಫ್ರೆಂಚರ ಪಾಂಡಿಚೇರಿಯಲ್ಲಿ ನೆಲೆಸಿದನು. ಹಿಂದೂಗಳ ಮತ್ತು ಮುಸಲ್ಮಾನರ ಪಂಚಾಂಗ ಗಣನೆಯನ್ನು ಕುರಿತು ಅವನು ಬರೆದ ‘ಕಾಲಸಂಕಲಿತ’ವೆಂಬ ದೊಡ್ಡ ಗ್ರಂಥವು 1825ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಎರಡನೆಯ ಪ್ರಸಂಗವು ನಡೆದುದು ಈ ಪಾಂಡಿಚೇರಿಯಲ್ಲಿ. ಅಲ್ಲಿ ತಮಿಳು ಪಂಚಾಂಗ ಮಾಡುವವನೊಬ್ಬನಿದ್ದನು. ಅವನಿಗೆ ಸಿದ್ಧಾಂತಗ್ರಂಥಗಳ ತತ್ತ್ವವಾಗಲಿ ಉಪಪತ್ತಿಯಾಗಲಿ ತಿಳಿಯದು. ಆದರೆ ನೆಲದ ಮೇಲೆ ಕುಳಿತು ಕವಡೆಗಳನ್ನು ಸಾಲಾಗಿ ಇಡುತ್ತ, ತೆಗೆಯುತ್ತ, ಕೃತಕ ಪದಗಳ ರೂಪದಲ್ಲಿ ಬಾಯಿಪಾಠವಾಗಿದ್ದ ಕೋಷ್ಟಕಗಳನ್ನು ಮನಸ್ಸಿನಲ್ಲಿಯೇ ಉರುಳಿಸುತ್ತ, ಚಂದ್ರಗ್ರಹಣದ ಕಾಲವನ್ನು ಗುಣಿಸಿಬಿಡುತ್ತಿದ್ದನು. ಕಾಗದವಿಲ್ಲ, ಲೇಖನಿಯಿಲ್ಲ. 1825ರ ಮೇ 31ರ ರಾತ್ರಿಯ ಗ್ರಹಣಕ್ಕೆ ಅವನು ಹೀಗೆ ಗುಣಿಸಿದ ಕಾಲವನ್ನು ವಾರನ್ನನು ದಾಖಲೆ ಮಾಡಿದನು. ಗ್ರಹಣದ ಆರಂಭಕ್ಕೆ ಬಂದ ವ್ಯತ್ಯಾಸ ಬರಿಯ ನಾಲ್ಕು ನಿಮಿಷ. ಮಧ್ಯಕ್ಕೆ 23 ನಿಮಿಷ, ಕೊನೆಗೆ 52 ನಿಮಿಷ. ಯಂತ್ರಗಳ ನಡುವೆ ಆರು ವರ್ಷ ಕಳೆದಿದ್ದ ಖಗೋಳಜ್ಞನು, ಕವಡೆ ಇಡುವವನ ಎದುರಿಗೆ ಶಿಷ್ಯನಂತೆ ಕುಳಿತು ಆ ಬೆರಳುಗಳ ಚಲನೆಯನ್ನು ಹಂತಹಂತವಾಗಿ ಬರೆದುಕೊಂಡನು. ಇದರ ಬೆಲೆ ಲೋಕಕ್ಕೆ ಚೆನ್ನಾಗಿ ತಿಳಿದುದು 1952ರಲ್ಲಿ. ಪ್ರಾಚೀನ ಗಣಿತದ ಚರಿತ್ರಕಾರನಾದ ಆಟೋ ನ್ಯೂಗೆಬೌರ್ ಎಂಬ ವಿದ್ವಾಂಸನು ವಾರನ್ನನ ಗ್ರಂಥವನ್ನು ಪರಿಶೀಲಿಸಿ, ಆ ಕವಡೆಯ ಲೆಕ್ಕದ ಜಾಡು ವರಾಹಮಿಹಿರನ ಕಾಲವನ್ನೂ ದಾಟಿ ಎರಡು ಸಾವಿರ ವರ್ಷಗಳ ಹಿಂದಿನ ಬಾಬಿಲೋನಿನ ಮಣ್ಣಿನ ಹಲಗೆಗಳ ತನಕ ಹೋಗುತ್ತದೆಂದು ತೋರಿಸಿದನು. ಗ್ರಂಥಗಳು ಮರೆತುದನ್ನು ಕೈಗಳು ನೆನಪಿಟ್ಟುಕೊಂಡಿದ್ದವು.

ಈಗ ಮೊದಲು ಹೇಳಿದ ವ್ಯತ್ಯಾಸಕ್ಕೆ ಬರುತ್ತೇನೆ. ಪಾಂಡಿಚೇರಿಯ ಪಂಚಾಂಗದವನ ಹೆಸರನ್ನು ವಾರನ್ನನು ತನ್ನ ಕಿವಿಗೆ ಬಿದ್ದಂತೆ ಬರೆದಿಟ್ಟನು; ಅದು ಸ್ವಾಮಿನಾಥ ಶೇಷಯ್ಯ ಎಂದಿರಬಹುದು. ಆದುದರಿಂದ ಆ ಮನುಷ್ಯನು ಇಂದಿಗೂ ವಿದ್ವಾಂಸರ ನಾಲಗೆಯ ಮೇಲಿದ್ದಾನೆ. ಉರಿಗಾಮಿನ ಹೆಂಗಸರ ಹೆಸರುಗಳು ನಮಗೆ ಉಳಿದುಬಂದಿಲ್ಲ. ಮಾರಿಕುಪ್ಪಮಿನ ಗುಂಡಿಯಲ್ಲಿ ಬುಟ್ಟಿ ದಾಟಿಸಿದವರ ಹೆಸರೂ ಇಲ್ಲ. ಅವರ ಪೊರಕೆ, ಮೊರ, ಮರಿಗೆಗಳು ಉಳಿದವು, ಹಿಡಿದವರು ಉಳಿಯಲಿಲ್ಲ. 33ನೆಯ ವಯಸ್ಸಿನ ಲೆಫ್ಟಿನೆಂಟನು ಕೈಯನ್ನು ನೋಡಿದನು; 56ನೆಯ ವಯಸ್ಸಿನ ಪಂಡಿತನು ಕೈಯ ಹಿಂದಿರುವ ಮನುಷ್ಯನನ್ನೂ ನೋಡಿದನು. ಒಬ್ಬನೇ ಮನುಷ್ಯನು ಒಂದೇ ಜೀವಮಾನದಲ್ಲಿ ನಡೆದ ದೂರವಿದು. 1830ರಲ್ಲಿ ಪಾಂಡಿಚೇರಿಯಲ್ಲಿಯೇ ಅವನು ತೀರಿಕೊಂಡನು.

ವಾರನ್ನನ ಜೀವನದಿಂದ ನಮಗೆ ದೊರೆಯುವ ಪಾಠವು ಗಣಿಗೂ ಗ್ರಹಣಕ್ಕೂ ಮಾತ್ರ ಸಂಬಂಧಿಸಿದುದಲ್ಲ. ಮಾತಿಲ್ಲದ ಭಾಷೆಯನ್ನು ಓದುವವನು ಅವಸರಪಡಕೂಡದು. ನಮ್ಮ ಕಡೆ ತಲೆಯನ್ನು ಅತ್ತಿತ್ತ ವಾಲಿಸಿದರೆ ಒಪ್ಪಿಗೆ. ಹೊರದೇಶದವನು ಅದನ್ನೇ ನಿರಾಕರಣೆಯೆಂದು ತಿಳಿಯುತ್ತಾನೆ. ತರಗತಿಯಲ್ಲಿ ಕಣ್ಣು ತಗ್ಗಿಸಿ ಕುಳಿತ ಹುಡುಗಿಯನ್ನು ಪಾಠ ಓದದವಳೆಂದು ಅಧ್ಯಾಪಕರು ಎಣಿಸಬಹುದು. ಅದು ಮನೆಯಲ್ಲಿ ಕಲಿತ ಗೌರವವಿರಬಹುದು, ಹಸಿವೂ ಇರಬಹುದು. ಆದುದರಿಂದ ಮೊದಲು ನೋಡಬೇಕು. ನೋಡಿ ಊಹಿಸಿದ್ದನ್ನು, ವಾರನ್ನನು ಗುಂಡಿಗೆ ಇಳಿದಂತೆ, ಹತ್ತಿರ ಹೋಗಿ ಪರೀಕ್ಷಿಸಬೇಕು. ತಿಳಿದ ಮೇಲೆ ತಿಳಿಸಿದವರ ಹೆಸರನ್ನು ಕೇಳಿಕೊಳ್ಳಬೇಕು.

ಈ ಮೂರನೆಯ ಕೆಲಸವು ನಮ್ಮ ಪಾಲಿಗೆ ಉಳಿದಿದೆಯೆಂದು ನನ್ನ ಅಭಿಪ್ರಾಯ. ಗಣಿಗಳು ನಡೆಯುತ್ತಿದ್ದಾಗ ಷಾಫ್ಟಿನ ಪಂಜರವನ್ನು ಏರಿಸಬೇಕೋ ಇಳಿಸಬೇಕೋ ನಿಲ್ಲಿಸಬೇಕೋ ಎಂಬುದನ್ನು ಮೇಲಿನ ಯಂತ್ರದವನಿಗೆ ತಿಳಿಸುತ್ತಿದ್ದುದು ಗಂಟೆಯ ಹೊಡೆತಗಳ ಎಣಿಕೆ. ತಮಿಳು ಮಾತಿನವನೂ ತೆಲುಗು ಮಾತಿನವನೂ ಕನ್ನಡಿಗನೂ ಇಂಗ್ಲಿಷ್ ಮಾತಿನ ಮೇಲ್ವಿಚಾರಕನೂ ಆ ಎಣಿಕೆಯನ್ನು ಒಂದೇ ಬಗೆಯಲ್ಲಿ ಓದಿದರು. ಓದಿದ್ದರಿಂದ ಸಂಜೆ ಮನೆಗೆ ಬಂದರು. ಬಂಡೆ ಸಿಡಿದು ನೆಲವು ನಡುಗಿದಾಗ ಮನೆಯಲ್ಲಿ ಪಾತ್ರೆಗಳು ಅಲುಗಾಡಿದರೆ, ಹೆಂಗಸರು ಯಾರೂ ಹೇಳದೆಯೇ ಗಣಿಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಆ ಗಂಟೆಯನ್ನು ಕೇಳಿದವರು. ಅಜ್ಜಿಯರು ಆ ನಡುಕವನ್ನು ಓದಿದವರು. ಅವರ ಕೈಗಳಲ್ಲಿರುವ ವಿದ್ಯೆ ಯಾವ ಗ್ರಂಥದಲ್ಲಿಯೂ ಇಲ್ಲ. ಗಣಿಗಳು ಮುಚ್ಚಿದುದರಿಂದ ಅದನ್ನು ಕಲಿಯುವ ಹೊಸ ಕೈಗಳೂ ಇಲ್ಲ. ಇನ್ನು ಕೆಲವು ವರ್ಷಗಳಲ್ಲಿ ಅದು ಉರಿಗಾಮಿನ ಹೆಂಗಸರ ಹೆಸರುಗಳಂತೆಯೇ ಮಾಯವಾಗುವುದು.

ಆದ್ದರಿಂದ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತಾಗ ಅವರು ಆಡುವ ಮಾತನ್ನು ಮಾತ್ರ ಕೇಳಬೇಡಿ. ಮಾತಾಡುವಾಗ ಅವರ ಕೈಗಳು ಏನು ಮಾಡುತ್ತವೆಂಬುದನ್ನೂ ನೋಡಿ. ನೋಡಿದ್ದನ್ನು ಬರೆದಿಡಿ. ಬರೆದುದರ ತಲೆಯಲ್ಲಿ ಅವರ ಹೆಸರನ್ನು ಮರೆಯದೆ ಹಾಕಿ.